ಪೊಟ್ಟಣದ ಹೆಸರು, ಮಂಡಕ್ಕಿಯ ಹೆಸರು

ಪಾರ್ಲೆ-ಜಿ ಬಿಸ್ಕತ್ತಿನ 'ಪಾರ್ಲೆ' ಮುಂಬಯಿಯ ವಿಲೇ ಪಾರ್ಲೆ. 'ಜಿ' ಎಂದರೆ ಗ್ಲೂಕೋಸ್. ಹಲ್ದಿರಾಮ್ ಎಂಬುದು ಬಿಕಾನೇರಿನ ಗಂಗಾ ಬಿಷನ್ ಅಗರ್‌ವಾಲರ ಅಡ್ಡಹೆಸರು. ಊರು, ಮನುಷ್ಯರ ಹೆಸರುಗಳಾದವು. ಆದರೆ 1999ರಲ್ಲಿ ಬಂದ ಕುರ್ಕುರೆ? ನಮ್ಮ ಉರ್ದು ಮನೆಗಳಲ್ಲಿ ಅದು ಯಾವ ತಿಂಡಿಯ ಹೆಸರೂ ಅಲ್ಲ, ಗರಿಗರಿಯಾದದ್ದಕ್ಕೆಲ್ಲ ಹೇಳುವ ಮಾತು. ಎಲ್ಲರ ಮಾತನ್ನು ಕಂಪನಿ ತನ್ನ ಪೊಟ್ಟಣಕ್ಕೆ ತುಂಬಿಕೊಂಡಿತು. ಜಾಣತನವೇ, ಒಪ್ಪೋಣ.

ಶಿವಮೊಗ್ಗ, ಭದ್ರಾವತಿಯಲ್ಲಿ ನಾವು ಮಂಡಕ್ಕಿ ಎನ್ನುವುದು ಮೈಸೂರಿನಲ್ಲಿ ಪುರಿ, ಧಾರವಾಡದಲ್ಲಿ ಚುರುಮುರಿ, ನಮ್ಮ ಅಡುಗೆಮನೆಯಲ್ಲಿ ಮುರ್ಮುರೆ. ಯಾವ ಹೆಸರಿನಿಂದ ಕೇಳಿದರೂ ಅಂಗಡಿಯವರು ಅದೇ ಚೀಲಕ್ಕೆ ಕೈ ಹಾಕುತ್ತಾರೆ. ಈ ಸಲಿಗೆ ಪೊಟ್ಟಣಕ್ಕಿಲ್ಲ; ಬೀದರಿನಿಂದ ಚಾಮರಾಜನಗರದವರೆಗೆ ಅದಕ್ಕೆ ಒಂದೇ ಹೆಸರು. ಶಾಲೆ ಬಿಟ್ಟ ಮಕ್ಕಳು ಬೇರೆ ಕಂಪನಿಯದನ್ನು ಕೊಳ್ಳುವಾಗಲೂ ಕೇಳುವುದು ಕುರ್ಕುರೆಯನ್ನೇ.