ಬಿಸಿಲಿನ ಹೆಸರು ಮಾರಿದ ಮೇಲೆ

ತಿಂಗಳ ಮೊದಲ ದಿನ ಗ್ಯಾರೇಜಿಗೆ ಹೋಗಿ ಗೋಡೆಯ ಮೇಲಿನ ಮೀಟರು ನೋಡುವುದು 2011ರಿಂದ ನನಗೆ ಅಭ್ಯಾಸವಾಗಿಬಿಟ್ಟಿದೆ. ನ್ಯೂಜೆರ್ಸಿಯ ನಮ್ಮ ಮನೆಯ ಸೂರಿನ ಮೇಲೆ ಏಳು ಕಿಲೋವ್ಯಾಟ್‌ನ ಸೋಲಾರ್ ಇದೆ. ಕರೆಂಟು ಕಂಪನಿಯ ಮೀಟರು ಹೊರಗೋಡೆಯಲ್ಲಿದೆ; ಬಂದದ್ದರಲ್ಲಿ ಹೋದದ್ದು ಕಳೆದು ಬಿಲ್ಲಿಗೆ ಲೆಕ್ಕ ಕೊಡುವುದು ಅದರ ಕೆಲಸ. ಗ್ಯಾರೇಜಿನೊಳಗಿನ ಈ ಮೀಟರಿಗೆ ಆ ಗೊಡವೆಯಿಲ್ಲ. ಸೋಲಾರ್ ಹಲಗೆಗಳಿಂದ ಇದುವರೆಗೆ ಎಷ್ಟು ಯೂನಿಟ್ ಇಳಿದಿದೆ ಎಂದಷ್ಟೇ ಎಣಿಸುತ್ತದೆ. ಆ ಅಂಕಿಯನ್ನು ಹಳೆಯ ಡೈರಿಯಲ್ಲಿ ಬರೆದುಕೊಂಡು, ಕಂಪ್ಯೂಟರಿನ ಮುಂದೆ ಕೂತು, ಗ್ಯಾಟ್ಸ್ ಎಂಬ ನೋಂದಣಿ ಖಾತೆಯಲ್ಲಿ ತುಂಬುತ್ತೇನೆ. ಜುಲೈಯಲ್ಲಿ ಒಂಬೈನೂರು ದಾಟುತ್ತದೆ, ಡಿಸೆಂಬರಿನಲ್ಲಿ ಮುನ್ನೂರು ಮುಟ್ಟುವುದೂ ಕಷ್ಟ. ಲೆಕ್ಕ ಸೇರುತ್ತ ಸೇರುತ್ತ ಸಾವಿರ ಯೂನಿಟ್ ಆದಾಗ ಖಾತೆಯಲ್ಲಿ ಒಂದು ಸರಣಿ ಸಂಖ್ಯೆ ಮೂಡುತ್ತದೆ. ಅದೇ ಎಸ್‌ರೆಕ್, ಅಂದರೆ ಸೌರವಿದ್ಯುತ್ ಪ್ರಮಾಣಪತ್ರ. ಕಾಗದವೂ ಇಲ್ಲ, ಮೊಹರೂ ಇಲ್ಲ. ಆದರೂ ಅದನ್ನು ಮಾರಬಹುದು, ಹಣ ಬರುತ್ತದೆ.

ಹೀಗೆ ಮಾರುತ್ತ ಬಂದವರ ಅನುಭವದಿಂದ ಈ ಪದ್ಧತಿಯನ್ನು ತೂಗಿ ನೋಡಬೇಕು ಎಂದು ಬಹಳ ದಿನದಿಂದ ಅನ್ನಿಸಿದೆ. ಇದರ ಬಗ್ಗೆ ಬರುವ ಬರಹಗಳೆಲ್ಲ ಎಷ್ಟು ಡಾಲರ್ ಸಿಗುತ್ತದೆ, ಯಾವ ದಲ್ಲಾಳಿ ಎಷ್ಟು ಮುರಿದುಕೊಳ್ಳುತ್ತಾನೆ ಎಂಬಲ್ಲಿಗೇ ನಿಲ್ಲುತ್ತವೆ. ಮಾರುತ್ತಿರುವುದು ಏನನ್ನು ಎಂದು ಕೇಳುವವರು ಕಡಿಮೆ.

ಕಾನೂನು ಸರಳವಾಗಿದೆ. ರಾಜ್ಯದಲ್ಲಿ ವಿದ್ಯುತ್ ಮಾರುವ ಕಂಪನಿಗಳು ತಾವು ಮಾರಿದ್ದರಲ್ಲಿ ಇಂತಿಷ್ಟು ಪಾಲು ಸೂರ್ಯನಿಂದ ಬಂದದ್ದು ಎಂದು ಪ್ರತಿ ವರ್ಷ ತೋರಿಸಬೇಕು. ತೋರಿಸುವುದು ಈ ಪ್ರಮಾಣಪತ್ರಗಳ ಮೂಲಕ. ಎಷ್ಟು ಕಡಿಮೆ ಬಿತ್ತೋ ಅಷ್ಟಕ್ಕೂ ತಲಾ ಇಷ್ಟು ಎಂದು ದಂಡ ಕಟ್ಟಬೇಕು. ದಂಡಕ್ಕಿಂತ ತುಸು ಅಗ್ಗವಾಗಿ ಸಿಕ್ಕರೆ ಕಂಪನಿ ನನ್ನಂಥವರಿಂದ ಕೊಳ್ಳುತ್ತದೆ. ಆ ಹಣದ ಆಸೆಗೆ ಇನ್ನೊಬ್ಬರು ಸೋಲಾರ್ ಹಾಕಿಸುತ್ತಾರೆ. ಸರ್ಕಾರದ ಬೊಕ್ಕಸದಿಂದ ನೇರವಾಗಿ ಕಾಸು ಹೋಗುವುದಿಲ್ಲ. ಹೊರೆ ಎಲ್ಲ ಗ್ರಾಹಕರ ಬಿಲ್ಲಿನಲ್ಲಿ ಹಂಚಿಹೋಗುತ್ತದೆ.

ಊರಿನಲ್ಲಿ ನಮ್ಮ ಮನೆಯಿಂದ ಡೈರಿಗೆ ಹಾಲು ಹಾಕುತ್ತಿದ್ದರು. ನಮ್ಮ ಗೌರಿಯ ಹಾಲೂ ಪಕ್ಕದ ಮನೆಯ ಹಸುವಿನ ಹಾಲೂ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಬಿದ್ದ ಮೇಲೆ ಯಾವುದು ಯಾರದು ಎಂದು ಬ್ರಹ್ಮನೂ ಹೇಳಲಾರ. ಉಳಿಯುತ್ತಿದ್ದದ್ದು ಪಾಸ್‌ಬುಕ್ಕಿನಲ್ಲಿ ಬರೆದ ಲೀಟರು, ಫ್ಯಾಟು. ಕರೆಂಟೂ ಹಾಗೆಯೇ: ತಂತಿಗೆ ಸೇರಿದ ಮೇಲೆ ಬಿಸಿಲಿನದು, ಗ್ಯಾಸಿನದು, ಅಣುಸ್ಥಾವರದ್ದು ಎಂಬ ಭೇದ ಇಲ್ಲ. ಇದು ಸೂರ್ಯನಿಂದ ಬಂತು ಎಂದು ಹೇಳಲು ಉಳಿಯುವುದು ಲೆಕ್ಕದ ಪುಸ್ತಕದ ಒಂದು ಸಾಲು ಮಾತ್ರ. ಎಸ್‌ರೆಕ್ ಆ ಸಾಲನ್ನು ಹಾಲಿನಿಂದ ಬೇರ್ಪಡಿಸಿ ಮಾರಲು ಬಿಡುತ್ತದೆ. ಕೊಂಡವರು ‘ಗೌರಿಯ ಹಾಲು ನಮ್ಮದು’ ಎನ್ನಬಹುದು. ಹಸು ಕಟ್ಟಿದವರು ಮತ್ತೆ ಹಾಗೆನ್ನುವಂತಿಲ್ಲ.

ಮೊದಲು ಹಣದ ಕಡೆಯಿಂದಲೇ ನೋಡೋಣ, ನಾನು ಪೆಟ್ಟು ತಿಂದದ್ದು ಅಲ್ಲಿಯೇ. ನ್ಯೂಜೆರ್ಸಿ ಈ ವ್ಯವಸ್ಥೆಯನ್ನು ಶುರುಮಾಡಿದ್ದು 2004ರಲ್ಲಿ. 2010-11ರ ಹೊತ್ತಿಗೆ ಒಂದು ಎಸ್‌ರೆಕ್ 600 ಡಾಲರ್ ದಾಟಿತ್ತು. ನಮ್ಮ ಮನೆಗೆ ಬಂದ ಸೇಲ್ಸ್‌ಮನ್ ಅಡುಗೆಮನೆಯ ಮೇಜಿನ ಮೇಲೆ ಹಾಸಿದ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ವರ್ಷಕ್ಕೆ ಎಂಟು ಎಸ್‌ರೆಕ್, ತಲಾ 600 ಡಾಲರ್, ಒಟ್ಟು 4,800. ಅದೇ ಸಂಖ್ಯೆ ಹತ್ತು ಸಾಲುಗಳಲ್ಲಿ ಒಂದರ ಕೆಳಗೊಂದು. ಐದೇ ವರ್ಷಕ್ಕೆ ಸಾಲ ತೀರುತ್ತದೆ ಎಂದು ಕೆಳಗೆ ಹಸಿರು ಪೆನ್ನಿನ ಗೆರೆ. ಬೆಲೆ ಇಳಿದರೆ ಏನು ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ನಾವೂ ಕೇಳಲಿಲ್ಲ, ಸಾಲಕ್ಕೆ ಸಹಿ ಹಾಕಿದೆವು.

ಆ ಹೊತ್ತಿಗೆ ಇಡೀ ರಾಜ್ಯ ಅದೇ ಲೆಕ್ಕ ಹಾಕುತ್ತಿತ್ತು. ಕೇಂದ್ರ ಸರ್ಕಾರ ಯೋಜನೆಯ ಖರ್ಚಿನ ಶೇ. 30ರಷ್ಟನ್ನು ನಗದಾಗಿ ಕೊಡುತ್ತಿದ್ದ ಅವಧಿ 2011ರ ಕೊನೆಗೆ ಮುಗಿಯಲಿತ್ತು. ಗೋದಾಮುಗಳ ಮೇಲೆ, ಶಾಲೆಗಳ ಮೇಲೆ, ಹೊಲಗಳಲ್ಲಿ ಸೋಲಾರ್ ಎದ್ದಿತು. 2011ರ ಜೂನಿನಿಂದ 2012ರ ಮೇ ವರೆಗಿನ ವರ್ಷಕ್ಕೆ ಕಾನೂನು ಕೇಳಿದ್ದು 44.2 ಕೋಟಿ ಯೂನಿಟ್‌ಗಳಿಗೆ ಸಾಕಾಗುವಷ್ಟು ಪ್ರಮಾಣಪತ್ರ. ಅದಕ್ಕಿಂತ ಹೆಚ್ಚು ಹುಟ್ಟುತ್ತಿದೆ ಎಂದು ಗೊತ್ತಾದ ಕೂಡಲೇ ಬೆಲೆ ಕುಸಿಯಿತು. 2012ರಲ್ಲಿ ನೂರು ಡಾಲರಿನ ಆಸುಪಾಸಿಗೆ ಬಂದು ನಿಂತಿತು. 4,800 ಎಂದು ಬರೆದಿದ್ದ ಜಾಗದಲ್ಲಿ ನಮಗೆ ಸಿಕ್ಕಿದ್ದು 800. ಕಂತು ಮಾತ್ರ ಮೊದಲಿನಷ್ಟೇ ಇತ್ತು. ಆ ಚಳಿಗಾಲ ಮನೆಯವರೆಲ್ಲ ಹೊಟ್ಟೆಬಟ್ಟೆ ಕಟ್ಟಿ ದಾಟಿದ್ದನ್ನು ನಾನು ಮರೆತಿಲ್ಲ.

2012ರ ಜುಲೈಯಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಸಹಿ ಹಾಕಿದ ಕಾನೂನು ಮುಂದಿನ ವರ್ಷಗಳ ಬೇಡಿಕೆಯನ್ನು ಹಿಂದಕ್ಕೆ ಎಳೆದು ತಂದಿತು, ದಂಡವನ್ನು 339 ಡಾಲರಿಗೆ ಇಳಿಸಿತು. ಬೆಲೆ ಮೆಲ್ಲಗೆ ಚೇತರಿಸಿಕೊಂಡು ಮುಂದೆ ಇನ್ನೂರು ಡಾಲರ್ ದಾಟಿತು. ನಮ್ಮ ಸಾಲವೂ ತೀರಿತು, ಐದಲ್ಲ, ಒಂಬತ್ತು ವರ್ಷಕ್ಕೆ. ಆದ್ದರಿಂದ ಇದನ್ನು ನಷ್ಟದ ಕತೆ ಎಂದು ಹೇಳಿದರೆ ತಪ್ಪಾಗುತ್ತದೆ. ಬಿಸಿಲು ಅಷ್ಟೇನೂ ಹೆಚ್ಚಿಲ್ಲದ ಈ ಪುಟ್ಟ ರಾಜ್ಯ ಆ ದಿನಗಳಲ್ಲಿ ಸೌರವಿದ್ಯುತ್ತಿನಲ್ಲಿ ಕ್ಯಾಲಿಫೋರ್ನಿಯಾದ ಬೆನ್ನಿಗೇ ಇತ್ತು ಎಂದರೆ ಅದರಲ್ಲಿ ಎಸ್‌ರೆಕ್‌ನ ಪಾಲು ದೊಡ್ಡದು. ನನ್ನ ಆಕ್ಷೇಪ ಬೇರೆ. ಬೆಲೆ ಏರಿಳಿದರೆ ತಾಳಿಕೊಳ್ಳುವ ಶಕ್ತಿ ವಿದ್ಯುತ್ ಕಂಪನಿಗಿದೆ, ಬ್ಯಾಂಕಿಗಿದೆ, ನೂರು ಸೂರುಗಳನ್ನು ಒಟ್ಟಿಗೆ ನಿಭಾಯಿಸುವ ಹೂಡಿಕೆದಾರರಿಗಿದೆ. ಒಂದೇ ಸೂರು, ಒಂದೇ ಸಂಬಳ ಇರುವ ಕುಟುಂಬಕ್ಕೆ ಇಲ್ಲ. ಆ ಭಾರವನ್ನೆಲ್ಲ ಅದರ ತಲೆಗೇ ಕಟ್ಟಿದ ವ್ಯವಸ್ಥೆ ಜಾಣತನದ್ದಿರಬಹುದು, ನ್ಯಾಯದ್ದಲ್ಲ.

ಬೇರೆ ರಾಜ್ಯಗಳಲ್ಲಿ ಇದೇ ವಸ್ತುವಿನ ಪಾಡು ನೋಡಿದರೆ ಇದು ಬಿಸಿಲಿನ ಮಾರುಕಟ್ಟೆಯಲ್ಲ, ಶಾಸನಸಭೆಯ ಮಾರುಕಟ್ಟೆ ಎಂಬುದು ಸ್ಪಷ್ಟವಾಗುತ್ತದೆ. ವಾಷಿಂಗ್ಟನ್ ಡಿ.ಸಿ.ಯಲ್ಲಿ ಜಾಗ ಕಡಿಮೆ, ದಂಡ 2023ರವರೆಗೆ 500 ಡಾಲರ್. ಅಲ್ಲಿ ಎಸ್‌ರೆಕ್ ವರ್ಷಗಟ್ಟಲೆ 400 ಡಾಲರ್ ಮೀರಿ ಮಾರಿದೆ. ಪೆನ್ಸಿಲ್ವೇನಿಯಾ ಹೊರರಾಜ್ಯದ ಪ್ರಮಾಣಪತ್ರಗಳಿಗೂ ಬಾಗಿಲು ತೆರೆದಿಟ್ಟಿದ್ದರಿಂದ 300ರ ಆಸುಪಾಸಿನ ಬೆಲೆ ಕೆಲವೇ ವರ್ಷದಲ್ಲಿ ಎರಡಂಕಿಗೆ ಇಳಿಯಿತು. ಬಾಗಿಲು ಹಾಕಿದ್ದು 2017ರಲ್ಲಿ. ಓಹಾಯೊ 2014ರಲ್ಲಿ ಗುರಿಯನ್ನು ತಡೆಹಿಡಿದು, 2019ರ ಕಾನೂನಿನಲ್ಲಿ ಸೌರ ಪಾಲನ್ನೇ ಕಿತ್ತುಹಾಕಿತು. ಆ ಕಾನೂನನ್ನು ಮುಂದೆ ನಿಂತು ಪಾಸು ಮಾಡಿಸಿದ ಸ್ಪೀಕರ್ ಲ್ಯಾರಿ ಹೌಸ್‌ಹೋಲ್ಡರ್‌ಗೆ ಅದರ ಹಿಂದಿನ ಲಂಚದ ಪ್ರಕರಣದಲ್ಲಿ 2023ರಲ್ಲಿ 20 ವರ್ಷ ಜೈಲು ಶಿಕ್ಷೆಯಾಯಿತು. ಸೋಲಾರ್ ಹಾಕಿಸಿದವರು ಸೂರು ಒರೆಸಿ ಶುಚಿಯಾಗಿಟ್ಟುಕೊಂಡರೂ, ಒಂದು ಯೂನಿಟ್ಟೂ ಕಡಿಮೆ ಬರದಿದ್ದರೂ, ಎಲ್ಲೋ ಕೂತವರ ಒಂದು ಸಹಿಗೆ ಅವರ ಆದಾಯ ಹಾರಿಹೋಯಿತು.

ನ್ಯೂಜೆರ್ಸಿ ಕೊನೆಗೆ ಪಾಠ ಕಲಿಯಿತು. ಹಳೆಯ ಎಸ್‌ರೆಕ್‌ಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು 2020ರ ಏಪ್ರಿಲ್ 30ಕ್ಕೆ ನಿಲ್ಲಿಸಿ, ನಡುವೆ ತಾತ್ಕಾಲಿಕ ವ್ಯವಸ್ಥೆಯೊಂದನ್ನು ಮಾಡಿ, 2021ರಲ್ಲಿ ನಿಗದಿತ ಬೆಲೆಯ ಪ್ರಮಾಣಪತ್ರ ತಂದಿತು. ಮನೆಗಳಿಗೆ ಆರಂಭದಲ್ಲಿ ಸಾವಿರ ಯೂನಿಟ್ಟಿಗೆ 90 ಡಾಲರ್, 15 ವರ್ಷ ಬದಲಾವಣೆಯಿಲ್ಲ. ಆರುನೂರರ ಕನಸಿನ ಮುಂದೆ ತೊಂಬತ್ತು ಸಣ್ಣದಾಗಿ ಕಾಣಬಹುದು. ಆದರೂ ನನ್ನ ಮಟ್ಟಿಗೆ ಇದೇ ಮೇಲು. ಸೇಲ್ಸ್‌ಮನ್ನಿನ ಹಾಳೆಯಲ್ಲಿ ಈಗ ಬರೆಯುವ ಅಂಕಿ ನಿಜವಾದದ್ದು. ಅದನ್ನು ನಂಬಿ ಸಾಲ ಮಾಡಬಹುದು.

ನಮ್ಮ ನಾಡಿನ ಓದುಗರಿಗೆ ಇದರಲ್ಲಿ ಪರಿಚಯದ ಸಂಗತಿಯೇ ಕಾಣಬೇಕು. ಭಾರತದಲ್ಲಿ ಇಂಥ ಪ್ರಮಾಣಪತ್ರಗಳ ವಹಿವಾಟು ಶುರುವಾದದ್ದು 2011ರ ಮಾರ್ಚಿನಲ್ಲಿ. ಸೌರ ಪ್ರಮಾಣಪತ್ರಕ್ಕೆ ಆಗ 12,000 ರೂಪಾಯಿ ಕನಿಷ್ಠ, 17,000 ಗರಿಷ್ಠ. ಕೊಳ್ಳಬೇಕಾದ ವಿದ್ಯುತ್ ಕಂಪನಿಗಳು ಕೊಳ್ಳಲಿಲ್ಲ, ಕೊಳ್ಳದವರ ಮೇಲೆ ದಂಡ ಬೀಳಲಿಲ್ಲ, ಮಾರಾಟವಾಗದೆ ರಾಶಿ ಬಿದ್ದಿತು. 2017ರಲ್ಲಿ ಕನಿಷ್ಠ ಬೆಲೆ 1,000 ರೂಪಾಯಿಗೆ ಇಳಿಯಿತು. 2022ರ ನಿಯಮದಲ್ಲಿ ಆ ಮಿತಿಯೇ ಹೋಯಿತು. ಆದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಹಡಿಯ ಮೇಲೆ ಮೂರು ಕಿಲೋವ್ಯಾಟ್ ಹಾಕಿಸಿದವರು ಈ ಪೇಟೆಗೆ ಕಾಲಿಡುವ ಪ್ರಶ್ನೆಯೇ ಇಲ್ಲ. ಅವರಿಗೆ ಸಿಗುವುದು ಯೂನಿಟ್ಟಿನ ಬೆಲೆ. 2013ರಲ್ಲಿ ಕರ್ನಾಟಕದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಬ್ಸಿಡಿ ಪಡೆಯದವರಿಗೆ ಯೂನಿಟ್ಟಿಗೆ 9.56 ರೂಪಾಯಿ ನಿಗದಿ ಮಾಡಿದ್ದು ಹಲವರಿಗೆ ನೆನಪಿರಬಹುದು. ಮನೆಯವರ ಬಿಸಿಲು ‘ಹಸಿರು’ ಎಂದು ಜಮೆಯಾಗುವುದು ಎಸ್ಕಾಂನ ಲೆಕ್ಕಕ್ಕೆ. ಅಲ್ಲಿನವರು ಹೆಸರನ್ನು ಮಾರುವುದಿಲ್ಲ, ಕೇಳದೆಯೇ ಕೊಟ್ಟುಬಿಟ್ಟಿರುತ್ತಾರೆ.

ಈ ಹೆಸರಿನ ಮಾತೇ ನನ್ನನ್ನು ಹೆಚ್ಚು ಕಾಡಿದ್ದು. ಸಾಲದ ಚಿಂತೆ ಇದ್ದಷ್ಟು ದಿನ ಇದು ಹೊಳೆಯಲೇ ಇಲ್ಲ. ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಒಂದು ಚಿತ್ರಪಟ ಮಾಡಿದಳು: ನಮ್ಮ ಮನೆ, ಮೇಲೆ ಸೂರ್ಯ, ಕೆಳಗೆ ‘ನಮ್ಮ ಮನೆ ಬಿಸಿಲಿನಿಂದ ನಡೆಯುತ್ತದೆ’ ಎಂಬ ಒಕ್ಕಣೆ. ಅಂಟು ಹಚ್ಚುತ್ತಿದ್ದ ಅವಳ ಪಕ್ಕದಲ್ಲೇ ಕೂತು ನಾನು ಆ ತ್ರೈಮಾಸಿಕದ ಎರಡು ಎಸ್‌ರೆಕ್‌ಗಳನ್ನು ದಲ್ಲಾಳಿಯ ಖಾತೆಗೆ ವರ್ಗಾಯಿಸುತ್ತಿದ್ದೆ. ಕೊಂಡ ಕಂಪನಿ ಅದೇ ಎರಡು ಸಾವಿರ ಯೂನಿಟ್‌ಗಳನ್ನು ತನ್ನ ಸೌರ ಪಾಲು ಎಂದು ಸರ್ಕಾರಕ್ಕೆ ತೋರಿಸುತ್ತದೆ. ಇಬ್ಬರ ಮಾತೂ ನಿಜವಾಗಲು ಸಾಧ್ಯವಿಲ್ಲ. ದುಡ್ಡು ಕೈಗೆ ಬಂದ ಮೇಲೆ ನಮ್ಮ ಮಾತು ಸುಳ್ಳಾಗಿತ್ತು.

ಇದು ನನ್ನೊಬ್ಬನ ಅಳುಕಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಒಂದು ಆಟಿಕೆ ಕಾರ್ಖಾನೆಯ ಉದಾಹರಣೆ ಕೊಟ್ಟಿದೆ. ಸೂರಿನ ಮೇಲೆ ಸೋಲಾರ್ ಇಟ್ಟು, ಪ್ರಮಾಣಪತ್ರಗಳನ್ನೆಲ್ಲ ಮಾರಿ, ತನ್ನದು ಸೌರವಿದ್ಯುತ್ತಿನ ಕಾರ್ಖಾನೆ ಎಂದು ಸಾರಿದರೆ ಅದು ಗ್ರಾಹಕರನ್ನು ದಾರಿತಪ್ಪಿಸಿದಂತೆ. ಉತ್ಪಾದಿಸುತ್ತೇವೆ, ಆದರೆ ಎಲ್ಲವನ್ನೂ ಬೇರೆಯವರಿಗೆ ಮಾರುತ್ತೇವೆ ಎಂದು ಹೇಳಬಹುದು. 2015ರಲ್ಲಿ ವರ್ಮಾಂಟ್ ರಾಜ್ಯದ ವಿದ್ಯುತ್ ಕಂಪನಿಯೊಂದಕ್ಕೂ ಇದೇ ವಿಷಯವಾಗಿ ಸ್ಪಷ್ಟವಾಗಿ ಮಾತಾಡಿ ಎಂದು ಕಮಿಷನ್ ಪತ್ರ ಬರೆಯಿತು. ಮಾರ್ಗಸೂಚಿ ಇರುವುದು ವ್ಯಾಪಾರಿಗಳಿಗೆ, ಮಗುವಿನ ಚಿತ್ರಪಟಕ್ಕಲ್ಲ. ಸತ್ಯ ಮಾತ್ರ ಇಬ್ಬರಿಗೂ ಒಂದೇ.

ಹಾಗಾದರೆ ಮಾರಬಾರದೇ? ಹಾಗೆ ನಾನು ಹೇಳಲಾರೆ. ಸಾಲ ಮಾಡಿ ಹಾಕಿಸಿದವರಿಗೆ ಈ ಹಣ ಬೇಕು. ಇದಿಲ್ಲದಿದ್ದರೆ ನಮ್ಮ ಸೂರು ಇಂದಿಗೂ ಬರಿದಾಗಿರುತ್ತಿತ್ತು. ಮಾರುವುದು ತಪ್ಪಲ್ಲ, ಮಾರಿದ್ದು ತಿಳಿಯದಿರುವುದು ತಪ್ಪು, ಮತ್ತು ಆ ತಪ್ಪಿನ ಬಹುಪಾಲು ಮಾರಿಸುವವರದ್ದು. ಸೋಲಾರ್‌ನ ಕಾಗದಪತ್ರಗಳಲ್ಲಿ ಹಲಗೆಯ ವಾರಂಟಿ ದಪ್ಪಕ್ಷರದಲ್ಲಿರುತ್ತದೆ, ಪ್ರಮಾಣಪತ್ರದ ಹಕ್ಕು ಸಣ್ಣಕ್ಷರದಲ್ಲಿರುತ್ತದೆ. ಬಾಡಿಗೆಯ ಮೇಲೆ ಸೋಲಾರ್ ಹಾಕಿಸಿಕೊಂಡವರ ಪಾಡಂತೂ ಇನ್ನೂ ಬೇಸರದ್ದು. ಹಲಗೆ ಕಂಪನಿಯದಾದ್ದರಿಂದ ಎಸ್‌ರೆಕ್ಕೂ ಕಂಪನಿಗೇ ಹೋಗುತ್ತದೆ; ಮನೆಯವರಿಗೆ ಹಣವೂ ಇಲ್ಲ, ಹೆಸರೂ ಇಲ್ಲ. ಇಲ್ಲಿನ ಎಡಿಸನ್ ಊರಿನ ಕಡೆ ನನಗೆ ಪರಿಚಯದ ಮೂರು ಕನ್ನಡ ಮನೆಗಳಲ್ಲಿ ಎರಡರ ಕತೆ ಇದೇ. ಹೇಳಿದಾಗ ಇಬ್ಬರೂ ಕರಾರಿನ ಪ್ರತಿ ಹುಡುಕಿ ತೆಗೆದು ಓದಿದರು, ಎಂಟು ವರ್ಷದಲ್ಲಿ ಮೊದಲ ಸಲ.

ಸಹಿ ಹಾಕುವ ಮುನ್ನ ಕರಾರಿನಲ್ಲಿ ಆ ಒಂದು ಸಾಲನ್ನು ಹುಡುಕಿ ಓದಿ: ಪ್ರಮಾಣಪತ್ರ ಯಾರ ಹೆಸರಿಗೆ, ಎಷ್ಟು ವರ್ಷಕ್ಕೆ. ಸಿಗದಿದ್ದರೆ ಕೇಳಿ, ಬರವಣಿಗೆಯಲ್ಲಿ ಕೊಡಿ ಎನ್ನಿ.

ನಮ್ಮ ಸೋಲಾರ್ ಎಸ್‌ರೆಕ್‌ಗೆ ಅರ್ಹವಾಗಿರುವ 15 ವರ್ಷದ ಅವಧಿ 2026ಕ್ಕೆ ಮುಗಿಯುತ್ತದೆ. ಆಮೇಲೆ ಅದೇ ಬಿಸಿಲಿಗೆ ಸಿಗುವುದು ಗಾಳಿ ವಿದ್ಯುತ್ತಿನ ಸಾಲಿಗೆ ಸೇರಿದ, ಬೆಲೆ ಬಹಳ ಕಡಿಮೆಯಿರುವ ಸಾಮಾನ್ಯ ಪ್ರಮಾಣಪತ್ರ. ಅದನ್ನು ಮಾರುವುದಿಲ್ಲ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೇವೆ. ಖಾತೆಯಲ್ಲಿ ಅದನ್ನು ನಮ್ಮ ಹೆಸರಿಗೇ ಬಳಸಿ ಮುಗಿಸಲಾಗಿದೆ ಎಂದು ದಾಖಲಿಸಲು ಅವಕಾಶವಿದೆ. ಚಿತ್ರಪಟ ಗ್ಯಾರೇಜಿನಲ್ಲಿ, ಮೀಟರಿನ ಪಕ್ಕದಲ್ಲೇ ಇದೆ; ಆ ದಿನದಿಂದ ಅದರ ಮಾತು ನಿಜವಾಗುತ್ತದೆ.