ಚುಕ್ಕಿಗೆ ಕಾಣದ ಸೊಪ್ಪಿನ ಬೆಟ್ಟ

ಪಶ್ಚಿಮ ಘಟ್ಟಗಳ ಕುರಿತು ಕೆ. ಕಸ್ತೂರಿರಂಗನ್ ಅಧ್ಯಕ್ಷತೆಯ ಉನ್ನತ ಮಟ್ಟದ ಕಾರ್ಯತಂಡ 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಅದನ್ನು ಬೈದವರೂ ಮೆಚ್ಚಿದವರೂ ಹೆಚ್ಚಾಗಿ ಓದಿದ್ದು ಅದರೊಳಗಿನ ನಿಷೇಧಗಳ ಪಟ್ಟಿಯನ್ನು. ಗಣಿ ಬೇಡ, ಕಲ್ಲು ಕ್ವಾರಿ ಬೇಡ, ಮರಳು ತೆಗೆಯುವುದು ಬೇಡ, ಕೆಂಪು ವರ್ಗದ ಕೈಗಾರಿಕೆ ಬೇಡ ಎಂಬ ಮಾತುಗಳ ಸುತ್ತಲೇ ಜಗಳ ನಡೆಯಿತು. ಆದರೆ ಆ ಪಟ್ಟಿ ಎಲ್ಲಿ ಜಾರಿಯಾಗಬೇಕು ಎಂಬುದನ್ನು ತೀರ್ಮಾನಿಸಿದ್ದು ಒಂದು ನಕ್ಷೆ. ಇಸ್ರೋ ಅಧ್ಯಕ್ಷರಾಗಿದ್ದ ವಿಜ್ಞಾನಿಯೊಬ್ಬರ ಮುಂದಾಳತ್ವದಲ್ಲಿ, ನಮ್ಮದೇ ಉಪಗ್ರಹಗಳ ಚಿತ್ರಗಳಿಂದ ತಯಾರಾದ ಈ ನಕ್ಷೆ ದೂರಸಂವೇದಿ ತಂತ್ರಜ್ಞಾನವನ್ನು ಪರಿಸರ ಆಡಳಿತಕ್ಕೆ ಬಳಸಿದ ದೇಶದ ದೊಡ್ಡ ಪ್ರಯೋಗಗಳಲ್ಲೊಂದು. ಆರು ರಾಜ್ಯಗಳ ನಾಲ್ಕು ಸಾವಿರಕ್ಕೂ ಹೆಚ್ಚು ಹಳ್ಳಿಗಳ ಹೆಸರು ಅದರಿಂದ ಹೊರಬಂದವು. ಹಾಗಾಗಿ ಇಲ್ಲಿ ತೂಗಿ ನೋಡಬೇಕಿರುವುದು ಶಿಫಾರಸುಗಳನ್ನಲ್ಲ, ನಕ್ಷೆಯನ್ನು.

ನಕ್ಷೆ ತಯಾರಾದ ಬಗೆಯಲ್ಲಿ ಮೆಚ್ಚುವಂಥದ್ದು ಬಹಳ ಇದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ನೆರವಿನಿಂದ ತಂಡವು ಸುಮಾರು 1,64,280 ಚದರ ಕಿಲೋಮೀಟರ್ ಘಟ್ಟಪ್ರದೇಶವನ್ನು ಲಿಸ್-3 ಕ್ಯಾಮೆರಾದ ಚಿತ್ರಗಳಲ್ಲಿ ಓದಿತು. ಊರು, ಗದ್ದೆ, ತೋಟ, ನೆಡುತೋಪುಗಳಿರುವ ನೆಲವನ್ನು ‘ಸಾಂಸ್ಕೃತಿಕ ಭೂದೃಶ್ಯ’ ಎಂದೂ ಉಳಿದದ್ದನ್ನು ‘ಸಹಜ ಭೂದೃಶ್ಯ’ ಎಂದೂ ಬೇರ್ಪಡಿಸಿತು. ಘಟ್ಟದ ಸುಮಾರು ಶೇ. 60 ಭಾಗ ಮನುಷ್ಯ ಉಳುತ್ತ, ನೆಡುತ್ತ, ಬಾಳುತ್ತ ಬಂದ ನೆಲ ಎಂದು ಒಪ್ಪಿಕೊಂಡದ್ದು ಪ್ರಾಮಾಣಿಕವಾದ ಹೆಜ್ಜೆ. ಘಟ್ಟವೆಂದರೆ ಜನರಿಲ್ಲದ ಕಾಡು ಎಂಬ ಪೇಟೆಯ ಕಲ್ಪನೆಗೆ ಅದು ಸರಿಯಾದ ಉತ್ತರವೂ ಆಗಿತ್ತು. ಸಹಜ ಭೂದೃಶ್ಯದೊಳಗೆ ಜೀವಸಂಪತ್ತು ಹೆಚ್ಚಿರುವ, ಕಾಡು ತುಂಡಾಗದ, ಜನಸಾಂದ್ರತೆ ಕಡಿಮೆಯಿರುವ ಜಾಗಗಳನ್ನು ಆರಿಸಿ ‘ಪರಿಸರ ಸೂಕ್ಷ್ಮ’ ಎಂದು ಕರೆದಾಗ ಉಳಿದದ್ದು ಒಟ್ಟು ಘಟ್ಟದ ಸುಮಾರು ಶೇ. 37, ಅಂದರೆ ಅರವತ್ತು ಸಾವಿರ ಚದರ ಕಿಲೋಮೀಟರಿಗೆ ತುಸು ಕಡಿಮೆ. ಅದರಲ್ಲಿ ಕರ್ನಾಟಕದ ಪಾಲು 1,576 ಹಳ್ಳಿ, 20,668 ಚದರ ಕಿಲೋಮೀಟರ್. ವಿಸ್ತೀರ್ಣದಲ್ಲಿ ಆರೂ ರಾಜ್ಯಗಳ ಪೈಕಿ ಅತಿ ದೊಡ್ಡ ಪಾಲು ನಮ್ಮದೇ.

ಲಿಸ್-3 ಚಿತ್ರದ ಒಂದು ಚುಕ್ಕಿ ನೆಲದ ಮೇಲೆ ಸುಮಾರು 24 ಮೀಟರ್ ಉದ್ದ, 24 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಐದೂವರೆ ಗುಂಟೆಗಿಂತ ಸ್ವಲ್ಪ ಹೆಚ್ಚು. ಎಂಟುನೂರು ಕಿಲೋಮೀಟರ್ ಎತ್ತರದಿಂದ ಐದಾರು ಗುಂಟೆಯ ಬಣ್ಣ ಹಿಡಿಯುವುದು ಸಣ್ಣ ಸಾಧನೆಯಲ್ಲ. ಆದರೆ ಆ ಐದೂವರೆ ಗುಂಟೆಯಲ್ಲಿ ಏನಿದೆ ಎಂಬುದನ್ನು ಚುಕ್ಕಿ ಬಣ್ಣದಲ್ಲಿ ಮಾತ್ರ ಹೇಳಬಲ್ಲದು. ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ತೋಟದ ಮೇಲಿರುವ ಸೊಪ್ಪಿನ ಬೆಟ್ಟವನ್ನೇ ತೆಗೆದುಕೊಳ್ಳಿ. ಅದರ ಒಡೆತನ ಸರ್ಕಾರದ್ದು. ಸೊಪ್ಪು, ದರಕು ತೆಗೆಯುವ ಸವಲತ್ತು ತೋಟದವರದು, ಅದೂ ಬ್ರಿಟಿಷರ ಕಾಲದಿಂದ ಕಾಗದದಲ್ಲಿ ದಾಖಲಾದದ್ದು. ಅಲ್ಲಿಯ ಮರಗಳನ್ನು ತಲೆಮಾರುಗಳಿಂದ ಸವರಿ ಸವರಿ ಬೆಳೆಸಿದ್ದಾರೆ. ಉಪಗ್ರಹದ ಕಣ್ಣಿಗೆ ಅದು ಹಸಿರು, ಪಕ್ಕದ ದಟ್ಟಡವಿಯೂ ಹಸಿರು. ಕೊಡಗಿನ ಬಾಣೆ, ಸೊರಬ-ಸಾಗರದ ಕಾನು, ಕಾಡುಮರಗಳ ನೆರಳಲ್ಲೇ ಬೆಳೆದ ಹಳೆಯ ಕಾಫಿ ತೋಟ, ಇವೆಲ್ಲ ಒಂದೊಂದು ಹಕ್ಕಿನ, ಒಂದೊಂದು ಬಳಕೆಯ ಹೆಸರು. ಹೀಗಿರುವಾಗ ಸಹಜ ಮತ್ತು ಸಾಂಸ್ಕೃತಿಕ ಎಂಬ ಎರಡೇ ಖಾನೆಗಳಲ್ಲಿ ಮಲೆನಾಡನ್ನು ತುಂಬಲು ಹೊರಟದ್ದೇ ಎಡವಟ್ಟು. ಸೊಪ್ಪಿನ ಬೆಟ್ಟ ಎರಡೂ ಹೌದು.

ತಪ್ಪು ಒಂದೇ ದಿಕ್ಕಿನದಲ್ಲ ಎಂಬುದನ್ನೂ ಹೇಳಬೇಕು. ರೈತರ ನೆಲವನ್ನು ಕಾಡೆಂದು ಓದುವ ಅಪಾಯ ಇರುವಂತೆಯೇ, ಉಳಿಸಲೇಬೇಕಾದ ನೆಲವನ್ನು ಬರಡೆಂದು ಓದುವ ಅಪಾಯವೂ ಇದೆ. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಡೆ ಹಳ್ಳದ ಅಂಚಿನಲ್ಲಿ ಉಳಿದಿರುವ ರಾಮಪತ್ರೆ ಜಡ್ಡಿಗಳು ಹಲವು ಸಲ ಕೆಲವೇ ಗುಂಟೆಯ ಪಟ್ಟಿಗಳು. ಅಷ್ಟರಲ್ಲೇ ಬೇರೆಲ್ಲೂ ಸಿಗದ ಮರಗಳಿರುತ್ತವೆ. ಮಹಾರಾಷ್ಟ್ರದ ಜಂಬಿಟ್ಟಿಗೆ ಕಲ್ಲಿನ ಬಯಲುಗಳು ವರ್ಷದ ಎಂಟು ತಿಂಗಳು ಬೋಳು ಬಂಡೆ, ಮಳೆಗಾಲದಲ್ಲಿ ಮಾತ್ರ ಹೂವಿನ ಹಾಸು. ವಿಶ್ವ ಪರಂಪರೆಯ ಪಟ್ಟಿ ಸೇರಿದ ಕಾಸ್ ಬಯಲು ಕೂಡ ಬೇಸಿಗೆಯ ಚಿತ್ರದಲ್ಲಿ ಪಾಳುಭೂಮಿಯೇ. ಇತ್ತ ಅರಣ್ಯ ಇಲಾಖೆ ನೆಟ್ಟ ಅಕೇಶಿಯಾ ತೋಪು ಚೆನ್ನಾಗಿ ಹಸಿರಾಗಿ ಕಾಣುತ್ತದೆ, ಒಳಗೆ ಹಕ್ಕಿಯ ದನಿ ಇಲ್ಲದಿದ್ದರೂ. ಇನ್ನು ಇಳಿಜಾರಿನ ಮಾತು. ಇದಕ್ಕೂ ಮೊದಲು, 2011ರಲ್ಲಿ, ಘಟ್ಟಗಳ ಕುರಿತೇ ವರದಿ ಕೊಟ್ಟಿದ್ದ ಮಾಧವ ಗಾಡ್ಗೀಳ್ ಸಮಿತಿಯ ಮಾನದಂಡಗಳಲ್ಲಿ ಎತ್ತರ ಮತ್ತು ಇಳಿಜಾರು ಸೇರಿದ್ದವು. ಕಸ್ತೂರಿರಂಗನ್ ತಂಡದ ಮುಖ್ಯ ಮಾನದಂಡಗಳಲ್ಲಿ ಅವಕ್ಕೆ ಜಾಗ ಸಿಗಲಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ ಮೇಲೆ ಈ ಕೊರತೆಯನ್ನು ಸಣ್ಣಪುಟ್ಟ ತಾಂತ್ರಿಕ ಲೋಪ ಎಂದು ತಳ್ಳಿಹಾಕಲಾಗದು.

ಚುಕ್ಕಿಯಿಂದ ಹಳ್ಳಿಗೆ ಬಂದ ದಾರಿ ಇನ್ನೂ ಒರಟು. ಹಳ್ಳಿಯ ವಿಸ್ತೀರ್ಣದಲ್ಲಿ ಶೇ. 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ನೆಲವಿದ್ದರೆ ಇಡೀ ಹಳ್ಳಿ ಪಟ್ಟಿಗೆ ಸೇರಿತು. ಶೇ. 21 ಇದ್ದ ಹಳ್ಳಿಯಲ್ಲಿ ಶಾಲೆ, ಸಂತೆ, ಗದ್ದೆ ಎಲ್ಲವೂ ಪರಿಸರ ಸೂಕ್ಷ್ಮ, ಶೇ. 19 ಇದ್ದ ನೆರೆಹಳ್ಳಿಯಲ್ಲಿ ದಟ್ಟ ಕಾಡೂ ಪಟ್ಟಿಯಿಂದ ಹೊರಗೆ. ಐದೂವರೆ ಗುಂಟೆಯ ಸೂಕ್ಷ್ಮತೆಯಿಂದ ಅಳೆದ ಮೇಲೆ ಸಾವಿರಾರು ಎಕರೆಯ ಗೋಣಿಚೀಲದಲ್ಲಿ ಕಟ್ಟಿಕೊಟ್ಟಂತಾಯಿತು. ಆಡಳಿತಕ್ಕೆ ಹಳ್ಳಿಯೇ ಸುಲಭದ ಘಟಕ ಎಂಬುದು ನಿಜ. ಆದರೆ ಕಂದಾಯದ ವ್ಯವಹಾರದಲ್ಲಿ ರೈತನ ಭಾಷೆ ಹಳ್ಳಿಯ ಹೆಸರಲ್ಲ. ಸರ್ವೆ ನಂಬರ್, ಹಿಸ್ಸಾ, ಪಹಣಿ. ತನ್ನ ಸರ್ವೆ ನಂಬರ್ ಒಳಗೋ ಹೊರಗೋ ಎಂದು ತಿಳಿಯದವನಿಗೆ ನಕ್ಷೆ ತಪ್ಪಾಗಿದೆ ಎಂದು ಹೇಳುವ ದಾರಿಯೇ ಇರುವುದಿಲ್ಲ. ಅಂಥವನು ಒಂದೋ ಪೂರ್ತಿ ಒಪ್ಪಬೇಕು, ಇಲ್ಲವೇ ಪೂರ್ತಿ ಬೇಡವೆನ್ನಬೇಕು. ಮಲೆನಾಡು ಬೇಡವೆಂದಿತು.

ಗಾಡ್ಗೀಳ್ ಸಮಿತಿಯ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. 2011ರ ಆ ವರದಿ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಹೆಚ್ಚಿತು. ಒಂದೊಂದು ಚೌಕವೂ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಎಕರೆ. ಚೌಕಕ್ಕೂ ಆಡಳಿತದ ಗಡಿಗೂ ಹೊಂದಿಕೆಯಾಗದೆ ಕೊನೆಗೆ ತಾಲ್ಲೂಕಿಗೊಂದು ವಲಯ ಎಂದು ಗುರುತು ಹಾಕಿತು. ಅಳತೆಯ ನಾಜೂಕಿನಲ್ಲಿ ಅದು ಕಸ್ತೂರಿರಂಗನ್ ನಕ್ಷೆಯ ಹತ್ತಿರಕ್ಕೂ ಬರುವುದಿಲ್ಲ. ಇಡೀ ಘಟ್ಟವೇ ಪರಿಸರ ಸೂಕ್ಷ್ಮ ಎಂದು ಸಾರಿದ್ದರಿಂದ ಅದಕ್ಕೆ ಎದುರಾದ ಕೋಪವೂ ಸಣ್ಣದಲ್ಲ. ಆದರೂ ಅದು ತನ್ನ ಗಡಿಗಳನ್ನು ತಾತ್ಕಾಲಿಕ ಎಂದೇ ಕರೆದು, ಕೊನೆಯ ಗೆರೆಯನ್ನು ಗ್ರಾಮಸಭೆ, ಜೀವವೈವಿಧ್ಯ ಸಮಿತಿಗಳ ಮುಂದಿಟ್ಟು ಎಳೆಯಬೇಕೆಂದು ಹೇಳಿತ್ತು. ಒರಟು ನಕ್ಷೆ, ತೆರೆದ ಬಾಗಿಲು. ಅದರ ನಂತರ ಬಂದದ್ದು ನಾಜೂಕು ನಕ್ಷೆ, ಮುಚ್ಚಿದ ಬಾಗಿಲು. ನಕ್ಷೆಗಳನ್ನು ಹಳ್ಳಿ ಮಟ್ಟದವರೆಗೆ ಸಾರ್ವಜನಿಕರ ಮುಂದಿಡಬೇಕು ಎಂಬ ಮಾತು ಎರಡನೆಯ ವರದಿಯಲ್ಲೂ ಇತ್ತು. ಆದರೆ ನೋಡಲು ಇಡುವುದು ಬೇರೆ, ತಿದ್ದಲು ಕೊಡುವುದು ಬೇರೆ. ನಕ್ಷೆಯ ಸತ್ಯ ಇರುವುದು ಚುಕ್ಕಿಯ ಸಣ್ಣತನದಲ್ಲಲ್ಲ, ಅದನ್ನು ಅಲ್ಲಿಯ ಜನ ಎಷ್ಟರ ಮಟ್ಟಿಗೆ ತಿದ್ದಬಲ್ಲರು ಎಂಬುದರಲ್ಲಿ. ಈ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟಾಗ ಅನಿವಾರ್ಯವಾಗಿ ಬರಬೇಕಾದ ತೀರ್ಮಾನ ಇದು.

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ಊರವರ ಕೈಗೆ ಪೆನ್ಸಿಲ್ ಕೊಟ್ಟರೆ ಕ್ವಾರಿಯವರೂ ರೆಸಾರ್ಟಿನವರೂ ಗೆರೆ ಎಳೆಯುತ್ತಾರೆ, ಗ್ರಾಮಸಭೆ ಅವರ ಸಹಿಯ ಠಸ್ಸೆಯಾಗುತ್ತದೆ ಎಂಬುದು. ವಿರೋಧದ ಹಿಂದೆ ಅಂಥ ಹಿತಾಸಕ್ತಿ ಇತ್ತು ಎಂಬುದರಲ್ಲಿ ಅನುಮಾನವಿಲ್ಲ. ವರದಿಯ ಆಧಾರದ ಮೇಲೆ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆ ಬೇಸಾಯವನ್ನು ನಿಷೇಧಿಸಿರಲಿಲ್ಲ, ಯಾರನ್ನೂ ಒಕ್ಕಲೆಬ್ಬಿಸುವ ಮಾತಾಡಿರಲಿಲ್ಲ. ಮನೆ ಕಟ್ಟುವುದಕ್ಕೂ ಅಡ್ಡಿಯಿರಲಿಲ್ಲ; ತಡೆಯಿದ್ದದ್ದು 20,000 ಚದರ ಮೀಟರ್ ದಾಟುವ ಕಟ್ಟಡಗಳಿಗೆ. ಆದರೂ ತೋಟ ಹೋಗುತ್ತದೆ, ದನ ಮೇಯಿಸುವಂತಿಲ್ಲ ಎಂಬ ಸುದ್ದಿ ಹಬ್ಬಿತು. ಆ ಸುದ್ದಿ ಬೇರುಬಿಟ್ಟದ್ದಾದರೂ ಎಲ್ಲಿ? ಉತ್ತರ ಸಿಗದ ಜಾಗದಲ್ಲಿ. ಸರ್ವೆ ನಂಬರ್ ಹೇಳದ ನಕ್ಷೆ ಪುಕಾರಿಗೆ ಹದವಾದ ಮಣ್ಣು. ಗುಟ್ಟಾದ ಗೆರೆಯನ್ನು ಪ್ರಭಾವಿಗಳು ವಿಧಾನಸೌಧದಲ್ಲಿ ಬದಲಿಸಬಲ್ಲರು, ಬಡವರಿಗೆ ಆ ದಾರಿ ಇಲ್ಲ. ಹಳ್ಳಿಯಲ್ಲಿ ಎಲ್ಲರೆದುರು ಎಳೆದ ಗೆರೆಯನ್ನು ಬದಲಿಸಬೇಕಾದರೆ ಕ್ವಾರಿಯವನು ಕೊನೇಪಕ್ಷ ನೆರೆಯವರ ಮುಖ ನೋಡಬೇಕಾಗುತ್ತದೆ.

ಕೇರಳದ ಉದಾಹರಣೆ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. 2013ರ ಕೊನೆಗೆ ಅಲ್ಲಿಯ ಗುಡ್ಡಗಾಡು ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಾಗ, ರಾಜ್ಯ ಜೀವವೈವಿಧ್ಯ ಮಂಡಳಿಯ ಅಧ್ಯಕ್ಷ ಉಮ್ಮನ್ ವಿ. ಉಮ್ಮನ್ ಅವರ ಮೂವರ ಸಮಿತಿ ನೇಮಕವಾಯಿತು. ಸ್ಥಳೀಯ ಸಮಿತಿಗಳು ಉಪಗ್ರಹದ ನಕ್ಷೆಯನ್ನು ಕಂದಾಯ ನಕ್ಷೆಯ ಜೊತೆ ಹೋಲಿಸಿ, ನೆಲದ ಮೇಲೆ ನಡೆದು ಪರಿಶೀಲಿಸಿದವು. ವಸತಿ, ತೋಟ, ಬೇಸಾಯದ ನೆಲವನ್ನು ಕೈಬಿಟ್ಟ ಮೇಲೆ 13,108 ಚದರ ಕಿಲೋಮೀಟರ್ ಇದ್ದದ್ದು 9,993.7ಕ್ಕೆ ಇಳಿಯಿತು. 2014ರ ಮಾರ್ಚ್‌ನ ಕರಡು ಈ ಅಂಕಿಯನ್ನು ಒಪ್ಪಿಕೊಂಡಿತು. ಚುನಾವಣೆ ಹತ್ತಿರವಿದ್ದ ಹೊತ್ತಿನಲ್ಲಿ ನಡೆದ ಈ ಕೆಲಸದಲ್ಲಿ ರಾಜಕೀಯದ ಅವಸರ ಇರಲಿಲ್ಲವೆಂದು ಯಾರೂ ಹೇಳಲಾರರು. ಸುಮಾರು ಕಾಲು ಭಾಗ ನೆಲ ಹೊರಬಿದ್ದದ್ದೆಲ್ಲ ಸರಿಯಾದ ತಿದ್ದುಪಡಿಯೇ ಎಂದೂ ಒಪ್ಪಬೇಕಿಲ್ಲ. ಆದರೆ ಉಪಗ್ರಹದ ಗೆರೆಯನ್ನು ನೆಲದಲ್ಲಿ ನಿಂತು ತಿದ್ದುವುದು ಸಾಧ್ಯ, ಕೇಂದ್ರವೂ ಅದನ್ನು ಒಪ್ಪುತ್ತದೆ ಎಂಬುದು ಅಲ್ಲಿ ಸಾಬೀತಾಯಿತು.

ಎರಡನೆಯ ಆಕ್ಷೇಪ ತಂತ್ರಜ್ಞಾನದ ಅಭಿಮಾನಿಗಳದು. ಅಂದಿನ 24 ಮೀಟರ್ ಚುಕ್ಕಿ ಹಳೆಯ ಕಥೆ, ಈಗ ಹತ್ತು ಮೀಟರಿನ ಚಿತ್ರ ಜಗತ್ತಿಗೇ ಉಚಿತ, ಡ್ರೋನ್ ಹಾರಿಸಿದರೆ ಎಲೆಯೂ ಎಣಿಕೆಗೆ ಸಿಗುತ್ತದೆ ಎನ್ನುತ್ತಾರೆ. ಇರಲಿ. ಎಲೆ ಎಣಿಸಿದರೂ ಅದನ್ನು ಸವರುವ ಹಕ್ಕು ಯಾರದು ಎಂಬುದು ಎಲೆಯ ಮೇಲೆ ಬರೆದಿರುವುದಿಲ್ಲ. ಚಿತ್ರಕ್ಕೆ ದಾಖಲೆ ಜೋಡಿಸಿದರೆ ಮಾತ್ರ ಈ ಕಣ್ಣು ಪ್ರಯೋಜನಕ್ಕೆ ಬರುತ್ತದೆ, ಮತ್ತು ಆ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಭೂಮಿ ಯೋಜನೆ ಎರಡು ದಶಕಗಳ ಹಿಂದೆಯೇ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ಹಿಡಿದು ಗದ್ದೆಯಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೆರೆಯ ಮೇಲೆ ಬರುತ್ತದೆ. ಸುಜಲ-3 ಯೋಜನೆಯಲ್ಲಿ 11 ಜಿಲ್ಲೆಗಳ ಕಿರುಜಲಾನಯನಗಳ ಮಣ್ಣನ್ನು 1:7,920 ಪ್ರಮಾಣದ ಗ್ರಾಮನಕ್ಷೆಯ ಮೇಲೆ ಗುರುತಿಸಿ, ಸರ್ವೆ ನಂಬರಿಗೆ ತಕ್ಕ ಸಲಹೆಯ ಕಾರ್ಡನ್ನು ರೈತರಿಗೆ ಕೊಡಲಾಯಿತು. ಅಲ್ಲಿ ಉಪಗ್ರಹದ ಚಿತ್ರ ಕೆಲಸದ ಆರಂಭ ಮಾತ್ರ; ಮಣ್ಣು ಅಗೆದು ಪದರ ನೋಡಿದ ಮೇಲೆಯೇ ನಕ್ಷೆ ಪೂರ್ತಿಯಾದದ್ದು. ಬಯಲುಸೀಮೆಯ ಹೊಲಕ್ಕೆ ಸಿಕ್ಕ ಈ ಮರ್ಯಾದೆ ಮಲೆನಾಡಿನ ಬೆಟ್ಟಕ್ಕೆ ಸಿಗಲಿಲ್ಲ ಎಂಬುದೇ ತಕರಾರು. ದಿಶಾಂಕ್ ತೋರಿಸುವ ಗಡಿಗಳೂ ಹಳೆಯ ಸರ್ವೆಯ ತಪ್ಪುಗಳನ್ನು ಹೊತ್ತೇ ಬಂದಿವೆ, ಪೋಡಿಯಾಗದ ಜಮೀನು ಅಲ್ಲಿ ಒಂದೇ ತುಂಡಾಗಿ ಕಾಣುತ್ತದೆ ಎಂಬುದು ನಿಜ. ಆದರೆ ತಪ್ಪೆಂದು ತೋರಿಸಲು ಅಲ್ಲಿ ಒಂದು ಅಂಕಿ ಇದೆ, ತಿದ್ದಿಸಲು ಒಂದು ಅರ್ಜಿ ಇದೆ.

ಕಾಯಲು ಸಮಯವೆಲ್ಲಿದೆ, ಹಳ್ಳಿಹಳ್ಳಿ ಸುತ್ತುವಷ್ಟರಲ್ಲಿ ಕಾಡೇ ಇರುವುದಿಲ್ಲ ಎಂಬ ಆತಂಕವೂ ಇದೆ. ಇದಕ್ಕೆ ಉತ್ತರ ಕಸ್ತೂರಿರಂಗನ್ ನಕ್ಷೆಯ ಚರಿತ್ರೆಯಲ್ಲೇ ಇದೆ. ಕಾರ್ಯತಂಡ ನೇಮಕವಾದದ್ದು 2012ರ ಆಗಸ್ಟ್‌ನಲ್ಲಿ. ಎಂಟು ತಿಂಗಳಲ್ಲಿ ವರದಿ ಮುಗಿಯಿತು. ಆಮೇಲೆ 2014, 2015, 2017, 2018, 2022ರಲ್ಲಿ ಕರಡು ಹೊರಟಿತು, ಅವಧಿ ಮುಗಿದು ಬಿದ್ದುಹೋಯಿತು. ಆರನೆಯ ಕರಡು ಬಂದದ್ದು 2024ರ ಜುಲೈ 31ರಂದು, ವಯನಾಡಿನ ಮುಂಡಕ್ಕೈ-ಚೂರಲ್‌ಮಲೆ ಮಣ್ಣಿನಡಿ ಹೂತ ಮರುದಿನ. ಎರಡು ತಿಂಗಳೊಳಗೆ ಕರ್ನಾಟಕದ ಸಂಪುಟ ಅದನ್ನೂ ತಿರಸ್ಕರಿಸಿತು. ಕೇರಳ ಹೇಗೋ ಒಂದು ಬಗೆಯಲ್ಲಿ ನೆಲ ಅಳೆದು ತನ್ನ ಅಂಕಿಯನ್ನು ತಿದ್ದಿಸಿಕೊಂಡಿತು. ಕರ್ನಾಟಕ ಸರ್ಕಾರಗಳು, ಯಾವ ಪಕ್ಷದ್ದಾದರೂ, ಪೂರ್ತಿ ಬೇಡ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದವು. 2013ರ ವರದಿಯಲ್ಲಿ ಕರ್ನಾಟಕದ ಎದುರು 20,668 ಚದರ ಕಿಲೋಮೀಟರ್ ಎಂದು ಬರೆದಿತ್ತು. ಹನ್ನೊಂದು ವರ್ಷಗಳ ನಂತರದ ಆರನೆಯ ಕರಡಿನಲ್ಲೂ ಬರೆದಿರುವುದು 20,668.