ಒಂದೇ ನಾಡಿನ ಇಬ್ಬರು

ನಮ್ಮ ಕಡೆ ಜಾತ್ರೆಯ ನಾಟಕಕ್ಕೆ ಬಿಜ್ಜಳನ ಪಾರ್ಟು ಬಂತೆಂದರೆ ಊರಲ್ಲೇ ದಪ್ಪ ದನಿಯವನನ್ನು ಹುಡುಕುತ್ತಿದ್ದರು. ಮೀಸೆ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಬಸವಣ್ಣನ ಪಾರ್ಟು ಸಾಧು ಮುಖದವನಿಗೆ. ಅವನು ಮಾತು ಮರೆತು ನಿಂತರೂ ಜನ ಕೈಮುಗಿಯುತ್ತಿದ್ದರು. ಸಿಳ್ಳೆ ಬೀಳುತ್ತಿದ್ದುದು ಮಾತ್ರ ಬಿಜ್ಜಳನಿಗೆ. ಮುದ್ದೇಬಿಹಾಳವಾಗಲಿ ಇಂಡಿಯಾಗಲಿ, ಕೆಟ್ಟವನನ್ನು ಹೀಗೆ ಒಳಗೊಳಗೇ ಮೆಚ್ಚಿಕೊಂಡ ಪ್ರೇಕ್ಷಕರೇ ನಾವೆಲ್ಲ.

ಈ ಇಬ್ಬರೂ ಒಂದೇ ಸೀಮೆಗೆ ಸೇರಿದವರು ಎಂಬುದನ್ನು ಯಾವ ನಾಟಕದ ಮಾಸ್ತರೂ ಹೇಳಲಿಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವೊಂದಿದೆ. ಅದು ಸಂಗನಬಸವನನ್ನು ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗನೆಂದು ಹೇಳುತ್ತದೆ. ಆ ತರ್ದವಾಡಿ ಎಂದರೆ ಹಳೆಯ ಇಂಡಿ ತಾಲೂಕಿನಲ್ಲಿ ಭೀಮೆಯ ದಂಡೆಯ ಮೇಲಿರುವ ತದ್ದೇವಾಡಿ. ಚಾಲುಕ್ಯರ ಮಾಂಡಲಿಕನಾಗಿ ತರ್ದವಾಡಿ ಸಾಸಿರವನ್ನು ಆಳಿದವನು ಇದೇ ಕಲಚುರಿ ಬಿಜ್ಜಳ. ಚಾಲುಕ್ಯ ದೊರೆ ಮೂರನೇ ತೈಲನ ಕೈಯಿಂದ ಕಲ್ಯಾಣದ ಸಿಂಹಾಸನ ಕಿತ್ತುಕೊಂಡದ್ದು ಆಮೇಲೆ. ನಾವು ಕಥೆ ಹೇಳುವಾಗ ಒಬ್ಬನನ್ನು ಮನೆಯ ಮಗ ಮಾಡಿಕೊಂಡೆವು, ಇನ್ನೊಬ್ಬನನ್ನು ಎಲ್ಲಿಂದಲೋ ಬಂದ ರಾಕ್ಷಸನನ್ನಾಗಿ ಮಾಡಿದೆವು.

ಪುರಾಣಗಳ ಕಾಲದಿಂದಲೂ ಇದೇ ರೂಢಿ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಅಲ್ಲಿ ಶರಣರನ್ನು ಹಿಂಸಿಸಿದ ಬಿಜ್ಜಳನಿಗೆ ಜಗದೇವನ ಕೈಯಲ್ಲಿ ಸಾವು. ಜೈನರ ‘ಬಿಜ್ಜಳರಾಯ ಚರಿತೆ’ಯನ್ನು ತೆಗೆದರೆ ಎಲ್ಲ ತಿರುವುಮುರುವು. ಅಲ್ಲಿ ಬಿಜ್ಜಳನೇ ಸಜ್ಜನ, ಬಸವಣ್ಣನೇ ಒಳಸಂಚುಗಾರ, ರಾಜನ ಸಾವಿಗೆ ವಿಷ ಹಾಕಿದ ಮಾವಿನಹಣ್ಣು. ಒಂದೇ ಸಾವು, ಎರಡು ಮತ, ಇಬ್ಬರು ಖಳರು. ಎರಡನ್ನೂ ಒಟ್ಟಿಗೆ ಓದಿದರೆ ಕಣ್ಣು ತೆರೆಯುತ್ತದೆ. ಆದರೆ ಒಟ್ಟಿಗೆ ಓದುವವರು ಕಡಿಮೆ.

ಸಿನಿಮಾ ಹಿಡಿದದ್ದು ಪುರಾಣದ ದಾರಿಯನ್ನೇ. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜಕುಮಾರ್ ಬಿಜ್ಜಳ. ನಿರ್ದೇಶಕರು ಟಿ.ವಿ. ಸಿಂಗ್ ಠಾಕೂರ್. ಅದರ ಹಿಂದಿನ ವರ್ಷ ‘ಭೂಕೈಲಾಸ’ದಲ್ಲಿ ರಾಜಕುಮಾರ್ ರಾವಣ, 1959ರಲ್ಲೇ ಇನ್ನೊಂದು ಚಿತ್ರದಲ್ಲಿ ಮಹಿಷಾಸುರ. ಜನ ಎತ್ತಿ ಮುದ್ದಾಡುವ ನಟನಿಗೆ ಕೆಟ್ಟವನ ಕಿರೀಟ ತೊಡಿಸಿದರೆ ಕೆಡುಕಿನ ಮೇಲೆ ಸಿಟ್ಟು ಎಲ್ಲಿಂದ ಬರಬೇಕು? ಜಾತ್ರೆಯ ಸಿಳ್ಳೆ ಟಾಕೀಸಿಗೆ ಬಂತು, ಅಷ್ಟೇ. 1983ರ ‘ಕ್ರಾಂತಿಯೋಗಿ ಬಸವಣ್ಣ’ ಹೆಸರಿನಲ್ಲೇ ಕ್ರಾಂತಿಯನ್ನು ಇಟ್ಟುಕೊಂಡಿತು. ಅಲ್ಲೂ ಬಸವಣ್ಣ ಪೂಜೆಗೆ ಕೂತವನೇ. ನಮ್ಮ ಪರದೆಯ ಬಸವಣ್ಣನಿಗೆ ಅನುಮಾನ ಎಂಬುದೇ ಬರುವುದಿಲ್ಲ. ವಚನ ಬರೆದವನಿಗೆ ತನ್ನ ಮೇಲೆಯೇ ಎಷ್ಟು ಅನುಮಾನವಿತ್ತು ಎಂಬುದು ವಚನ ಓದಿದವರಿಗೆ ಗೊತ್ತು.

ಒಳ್ಳೆಯದು ಕೆಟ್ಟದ್ದು ಒಂದೇ ಮನೆಯಲ್ಲಿ ಹೇಗೆ ಬಾಳುವೆ ಮಾಡುತ್ತವೆ ಎಂದು ಕನ್ನಡ ಸಿನಿಮಾ ಕಲಿತದ್ದು ಬೇರೊಂದು ಕಡೆ, 1970ರ ‘ಸಂಸ್ಕಾರ’ದಲ್ಲಿ. ಅನಂತಮೂರ್ತಿಯವರ ಕಾದಂಬರಿ 1965ರದ್ದು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರವನ್ನು ಸೆನ್ಸಾರ್ ಮೊದಲು ತಡೆಯಿತು, ಆಮೇಲೆ ಅದಕ್ಕೇ ಸ್ವರ್ಣಕಮಲ ಬಂತು. ದೂರ್ವಾಸಪುರದ ಅಗ್ರಹಾರದ ಆಚಾರಗೆಟ್ಟ ನಾರಣಪ್ಪ ಕಾದಂಬರಿ ಶುರುವಾಗುವಾಗಲೇ ಸತ್ತಿರುತ್ತಾನೆ. ಅವನ ಕೆಟ್ಟತನವೆಲ್ಲ ಉಳಿದವರ ನೆನಪಿನಲ್ಲಿ, ಬಾಯಲ್ಲಿ, ಆಸೆಬುರುಕತನದಲ್ಲಿ. ಪರದೆಗೆ ಬಂದಾಗ ಅವನಿಗೆ ಮೈ ಬೇಕಾಯಿತು, ಲಂಕೇಶರ ಮೈ. ಅಗ್ರಹಾರದ ಸಾಧು ಪಂಡಿತ ಪ್ರಾಣೇಶಾಚಾರ್ಯರಾದದ್ದು, ಚಿತ್ರಕಥೆ ಬರೆದದ್ದು ಗಿರೀಶ ಕಾರ್ನಾಡ. ಕಾದಂಬರಿಯ ಕೊನೆಯ ಭಾಗದ ಒಳಗಿನ ವಾಗ್ವಾದ ಚಿತ್ರದಲ್ಲಿ ಬಹುಮಟ್ಟಿಗೆ ನಡಿಗೆಯಾಗಿ ಸವೆದುಹೋಗುತ್ತದೆ. ಅದು ನಷ್ಟವೇ. ಆದರೂ ಆಚಾರ್ಯನ ಮುಖ ಕಂಡಾಗೆಲ್ಲ ಸತ್ತವನ ನಗು ನೆನಪಾಗುವಂತೆ ಮಾಡಿದ್ದು ಸಣ್ಣ ಗಳಿಕೆಯಲ್ಲ.

ಈ ಚಿತ್ರ ನೋಡಿ ನಮ್ಮ ಲಿಂಗಾಯತ ಮನೆಗಳಲ್ಲಿ ಒಂದು ಸಮಾಧಾನವಿತ್ತು: ಅದು ಮಾಧ್ವರ ಅಗ್ರಹಾರದ ಕಥೆ, ನಮ್ಮದಲ್ಲ. ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಆದರೆ ಆಚಾರ್ಯ ಮತ್ತು ನಾರಣಪ್ಪ, ಇಬ್ಬರ ವೇಷ ಹಾಕಿದವರೂ ಮುಂದೆ ಬಸವಣ್ಣ-ಬಿಜ್ಜಳರ ಕಲ್ಯಾಣದ ನಾಟಕ ಬರೆದರು. ಕಲ್ಯಾಣವೇ ನಮ್ಮ ದೂರ್ವಾಸಪುರ ಎಂದು ಅವರಿಗೆ ಹೊಳೆದಿರಬೇಕು.

ಎಪ್ಪತ್ತರ ದಶಕದ ಆರಂಭದಲ್ಲಿ ಬಂದ ಲಂಕೇಶರ ‘ಸಂಕ್ರಾಂತಿ’ ನನ್ನ ಲೆಕ್ಕದಲ್ಲಿ ಹೆಚ್ಚು ಧೈರ್ಯದ್ದು. ಅಲ್ಲಿ ಕೇರಿಯ ಹುಡುಗ ರುದ್ರ ಶರಣನಾಗುತ್ತಾನೆ. ಶರಣನಾದಾಗ ಅವನು ಗಳಿಸಿದ್ದೆಷ್ಟು, ಕಳಕೊಂಡದ್ದೆಷ್ಟು ಎಂದು ನಾಟಕ ಕೇಳುತ್ತದೆ. ಒಳ್ಳೆಯದರ ಹೊಟ್ಟೆಯಲ್ಲೇ ಕೆಡುಕು ಹುಟ್ಟುವ ಬಗೆ ಇದು. ನಾರಣಪ್ಪ ಆಚಾರ್ಯನಿಗೆ ಕೇಳಿದ್ದನ್ನೇ ಲಂಕೇಶ್ ಬಸವಣ್ಣನಿಗೆ ಕೇಳಿದರು. ಕಾರ್ನಾಡರ 1990ರ ‘ತಲೆದಂಡ’ ರಚನೆಯಲ್ಲಿ ಇದಕ್ಕಿಂತ ದೊಡ್ಡದು. ಕ್ಷೌರಿಕರ ಕುಲದವನೆಂಬ ನೋವು ಹೊತ್ತ ಅಲ್ಲಿನ ಬಿಜ್ಜಳ ಬಸವಣ್ಣನ ಗೆಳೆಯ. ಅವನನ್ನು ಕೊಲ್ಲುವ ಜಗದೇವ ಶರಣರ ಕಡೆಯವನೇ. ಇಷ್ಟು ಮಾಡಿದ ಕಾರ್ನಾಡ ಕೊನೆಗೆ ಕೆಡುಕನ್ನು ಎಲ್ಲೋ ಒಂದು ಕಡೆ ಇಳಿಸಲೇಬೇಕಾಯಿತು. ಮಗ ಸೋವಿದೇವನ ಮೇಲೆ, ಪುರೋಹಿತ ದಾಮೋದರ ಭಟ್ಟನ ಮೇಲೆ ಇಳಿಸಿದರು. ಹಳೆಯ ನಾಟಕದ ಮೀಸೆ ಅಪ್ಪನಿಂದ ಮಗನಿಗೆ ದಾಟಿತು ಎಂದರೆ ತೀರ ಒರಟಾದೀತು, ಆದರೆ ಸುಳ್ಳಾಗದು. ಸಿಂದಗಿ ತಾಲೂಕಿನ ಯರಗಲ್ಲಿನ ಸಂಶೋಧಕ ಎಂ.ಎಂ. ಕಲಬುರ್ಗಿಯವರೂ ‘ಕೆಟ್ಟಿತ್ತು ಕಲ್ಯಾಣ’ ನಾಟಕ ಬರೆದರು. ನಮ್ಮ ಮಣ್ಣಿನವರೊಬ್ಬರು ಈ ಕಥೆಗೆ ಕೈಹಾಕಿದ್ದು ನನಗೆ ಮುಖ್ಯ.

ರಂಗದ ಮೇಲೆ ಇಷ್ಟೆಲ್ಲ ನಡೆದರೂ ಪರದೆಯ ಕಲ್ಯಾಣ ಕದಲಲಿಲ್ಲ. ರೊಕ್ಕದ ಮಾತು ನೆಪ. ನಿಜವಾದ ಕಾರಣ ಅಂಜಿಕೆ. ಶಿವಪ್ರಕಾಶರ ಕಲ್ಯಾಣದ ನಾಟಕ ‘ಮಹಾಚೈತ್ರ’ ಪಠ್ಯವಾದಾಗ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಸಂಶೋಧನೆಯಲ್ಲಿ ಆಡಿದ ಮಾತನ್ನೇ ಕಲಬುರ್ಗಿಯವರು 1989ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲಿ ಗುಂಡು ಹಾರಿತು. ಹೀಗಿರುವಾಗ ಅನುಮಾನಪಡುವ ಬಸವಣ್ಣನನ್ನು ತೆರೆಗೆ ತರಲು ನಿರ್ಮಾಪಕ ಹಿಂಜರಿದರೆ ಅವನೊಬ್ಬನನ್ನೇ ಬೈದು ಫಲವಿಲ್ಲ. ನೋಡುವ ನಾವೂ ಅದರಲ್ಲಿ ಪಾಲುದಾರರು.

ಆದರೂ ಯಾರಾದರೂ ಆ ಚಿತ್ರ ಮಾಡಲು ಹೊರಟರೆ ಒಂದು ಬಿನ್ನಹ. ಬಾಗೇವಾಡಿಯ ಗುಡಿಯಲ್ಲಿ ಕಾಯಿ ಒಡೆಸಿ ಮುಹೂರ್ತ ಮಾಡುವ ಮುನ್ನ ಒಂದು ದಿನ ತದ್ದೇವಾಡಿಗೂ ಬನ್ನಿ, ಭೀಮೆಯ ದಂಡೆಯ ಮೇಲೆ ನಿಂತು ನೋಡಿ. ಬಿಜ್ಜಳನ ಪಾರ್ಟಿಗೆ ದಪ್ಪ ದನಿಯವನನ್ನು ಮಾತ್ರ ಹುಡುಕಬೇಡಿ.